ಎರಡನೆಯ ಪ್ರತಿ

ಸೇವೆಯಿಂದ ನಿವೃತ್ತನಾದ ಮೇಲೆ ನಮ್ಮ ಸಂಘದ ಗ್ರಂಥಾಲಯದ ಬೀಗದ ಕೈ ನನ್ನ ಜೇಬಿಗೆ ಬಂದಿತು. ಕಾಸರಗೋಡು ಸೀಮೆಯ ಒಂದು ಒಳ ಊರಿನಲ್ಲಿ, ಎರಡು ಕೋಣೆಗಳಲ್ಲಿ, ಸುಮಾರು ಮೂರು ಸಾವಿರ ಕನ್ನಡ ಪುಸ್ತಕಗಳಿರುವ ಗ್ರಂಥಾಲಯವದು. ಹಣ ಕೊಟ್ಟು ಕೊಂಡವು ಕಡಿಮೆ. ಮನೆಮನೆಗಳಿಂದ ದಾನವಾಗಿ ಬಂದವೇ ಹೆಚ್ಚು. ಆದುದರಿಂದ ಒಂದೇ ಪುಸ್ತಕವು ಎರಡು ಮೂರು ಸಲ ಬಂದು ಸೇರಿರುವುದು ಸಹಜ. ದಪ್ಪ ರಟ್ಟಿನ ವಹಿಯಲ್ಲಿ ಕ್ರಮಸಂಖ್ಯೆ, ಪುಸ್ತಕದ ಹೆಸರು, ದಾನಿಯ ಹೆಸರು ಬರೆದಿಡುತ್ತಿದ್ದ ಕಾಲದಲ್ಲಿ ಇದು ಯಾರಿಗೂ ತೊಂದರೆಯೆನಿಸಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಗ್ರಂಥಸೂಚಿಯನ್ನು ಕಂಪ್ಯೂಟರಿಗೆ ಏರಿಸಿದೆವು. ರಜೆಯಲ್ಲಿ ಬಂದ ಕಾಲೇಜು ಮಕ್ಕಳಲ್ಲಿ ಒಬ್ಬರು ಹೆಸರನ್ನು ಓದಿ ಹೇಳುವುದು, ಇನ್ನೊಬ್ಬರು ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಚ್ಚು ಮಾಡುವುದು. ಬೆರಳಚ್ಚು ಮಾಡುತ್ತಿದ್ದವರಲ್ಲಿ ಕೆಲವರಿಗೆ ಕನ್ನಡ ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಅದನ್ನು ಅವರ ತಪ್ಪೆನ್ನಲಾರೆ. ಹೀಗಾಗಿ 'ಚೋಮನ ದುಡಿ' ಒಂದೆಡೆ ಒಂದೇ ಪದವಾಯಿತು, ಇನ್ನೊಂದೆಡೆ ಎರಡಾಯಿತು. ಅದರ ಕರ್ತೃ ಒಮ್ಮೆ ಕಾರಂತ, ಒಮ್ಮೆ ಕಾರಂತ್, ಮತ್ತೊಮ್ಮೆ ಕೋಟ ಶಿವರಾಮ. ಮಾಸ್ತಿಯವರೂ 'ಶ್ರೀನಿವಾಸ'ರೂ ಇಬ್ಬರಾದರು. ನಂದಳಿಕೆ ಲಕ್ಷ್ಮೀನಾರಣಪ್ಪನವರೂ ಮುದ್ದಣನೂ ಪರಸ್ಪರ ಪರಿಚಯವಿಲ್ಲದವರಂತೆ ಬೇರೆ ಬೇರೆ ಸಾಲುಗಳಲ್ಲಿ ಕುಳಿತರು. ಮನೋರಮೆ ಕಂಡಿದ್ದರೆ ನಗುತ್ತಿದ್ದಳು. ಹೊಸ ಪುಸ್ತಕಗಳಾದರೆ ಐಎಸ್‌ಬಿಎನ್ ಸಂಖ್ಯೆಯನ್ನು ಹೋಲಿಸಿ ಕಂಪ್ಯೂಟರೇ ಜೋಡಿಗಳನ್ನು ಗುರುತಿಸಬಲ್ಲುದು. ನಮ್ಮ ಹಳೆಯ ಪುಸ್ತಕಗಳಲ್ಲಿ ಆ ಸಂಖ್ಯೆಯೇ ಇಲ್ಲ.

ಈ ಗೊಂದಲವನ್ನು ಸರಿಪಡಿಸುವ ಹುರುಪಿನಲ್ಲಿ, ಒಂದು ಆಟಿ ತಿಂಗಳ ಮಳೆಯಲ್ಲಿ, ಅಚ್ಚು ಹಾಕಿಸಿದ ಪಟ್ಟಿಯನ್ನು ಮುಂದಿಟ್ಟುಕೊಂಡು ಕೆಂಪು ಪೆನ್ನು ಹಿಡಿದು ಕುಳಿತೆ. ಉತ್ತರಪತ್ರಿಕೆ ತಿದ್ದಿ ಪಳಗಿದ ಕೈ. ಎರಡೆರಡು ಸಲ ಕಂಡುದನ್ನೆಲ್ಲ ಹೊಡೆದುಹಾಕುತ್ತ ಹೋಯಿತು. ಮಂಜೇಶ್ವರದ ಗೋವಿಂದ ಪೈಗಳ 'ಗಿಳಿವಿಂಡು' ಎರಡು ಕಡೆ ಇತ್ತು, ಒಂದರಲ್ಲಿ ಳಕಾರ ಹೋಗಿ ಲಕಾರವಾಗಿತ್ತು. ಅದನ್ನು ಅಳಿಸಿಸಿದೆ. ಎದ್ದು ಹೋಗಿ ಕಪಾಟಿನಿಂದ ಎರಡನ್ನೂ ತೆಗೆದು ನೋಡಬೇಕೆಂದು ನನಗೆ ತೋರಲಿಲ್ಲ. ವರ್ಷಾಂತ್ಯದ ಎಣಿಕೆಯಲ್ಲಿ, ಕಂಪ್ಯೂಟರಿನಲ್ಲಿ ಸಂಖ್ಯೆ ಸಿಗದ ಪುಸ್ತಕಗಳನ್ನೆಲ್ಲ ಕಟ್ಟು ಕಟ್ಟಿ, ಹಳೆಯ ಪತ್ರಿಕೆಗಳೊಂದಿಗೆ ಗುಜರಿಯವನಿಗೆ ಕೊಟ್ಟೆವು. ಒಪ್ಪಿಗೆಯ ರುಜು ನನ್ನದೇ.

ಮರುವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಂಗಳೂರಿನಿಂದ ಮಗನನ್ನು ಕರೆದುಕೊಂಡು ಬಂದಳು. ಅವಳ ತಂದೆ ಪ್ರಾಥಮಿಕ ಶಾಲೆಯ ಅಧ್ಯಾಪಕರಾಗಿದ್ದವರು, ತಮ್ಮ ಪುಸ್ತಕಗಳನ್ನೆಲ್ಲ ಸಂಘಕ್ಕೆ ಕೊಟ್ಟಿದ್ದರು. "ಗಿಳಿವಿಂಡು ಉಂಟಾ ಮಾಷ್ಟ್ರೇ?" ಎಂದು ಕೇಳಿದಳು. ಸಂತೋಷದಿಂದಲೇ ತಂದುಕೊಟ್ಟೆ. ಮೊದಲ ಪುಟ ತಿರುವಿದಳು, ನಡುವೆ ನಾಲ್ಕು ಹಾಳೆ ತಿರುವಿದಳು.

"ಇದು ಅಪ್ಪನದ್ದಲ್ಲ ಮಾಷ್ಟ್ರೇ. ಅದರಲ್ಲಿ ಪೆನ್ಸಿಲಿನಲ್ಲಿ ಬರೆದದ್ದಿತ್ತು."

ಪೈಗಳು 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ತೊರೆದ ಸಂಗತಿ ನಮ್ಮ ಸೀಮೆಯ ಅಧ್ಯಾಪಕರಿಗೆಲ್ಲ ಅಭಿಮಾನದ ವಿಷಯ. ಆ ಹಿರಿಯರು ಪ್ರಾಸವಿಲ್ಲದ ಪದ್ಯಗಳ ಮಗ್ಗುಲಲ್ಲಿ ತಮಗೆ ತೋಚಿದುದನ್ನು ಬರೆದಿಟ್ಟಿದ್ದರಂತೆ. ಹಳೆಯ ವಹಿಯನ್ನು ತೆಗೆದೆ. ಅವರ ಹೆಸರೂ ಕ್ರಮಸಂಖ್ಯೆಯೂ ಸ್ಪಷ್ಟವಾಗಿದ್ದವು. ಆದುದನ್ನು ಮುಚ್ಚಿಡದೆ ಹೇಳಿದೆ. "ಹೋಗಲಿ ಬಿಡಿ ಮಾಷ್ಟ್ರೇ" ಎಂದಳು. ಆಕೆ ಎರಡು ಮಾತು ಗಟ್ಟಿಯಾಗಿ ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಅಂದಿನಿಂದ ನಮ್ಮಲ್ಲಿ ಪುಸ್ತಕವನ್ನು ಕೈಯಲ್ಲಿ ಹಿಡಿಯದೆ ಯಾವ ನಮೂದನ್ನೂ ಮುಟ್ಟುವುದಿಲ್ಲ. ಕೃತಿಗೆ ಒಂದೇ ನಮೂದು. ಅದರ ಕೆಳಗೆ ಪ್ರತಿಯೊಂದು ಪ್ರತಿಯ ಕ್ರಮಸಂಖ್ಯೆ, ದಾನಿಯ ಹೆಸರು, ಒಳಗೆ ಕೈಬರಹವಿದ್ದರೆ ಅದರ ಉಲ್ಲೇಖ. ಬರಿಯ ಮರುಮುದ್ರಣವಾದರೆ ಜೊತೆಗೆ ಸೇರಿಸುತ್ತೇವೆ, ಪರಿಷ್ಕರಿಸಿದ ಆವೃತ್ತಿಗೆ ಬೇರೆ ನಮೂದು. ಕಾವ್ಯನಾಮಗಳಿಗೆ ಹಳೆಯ ಕಾರ್ಡುಗಳಲ್ಲಿದ್ದ 'ನೋಡಿ' ಎಂಬ ಸೂಚನೆಯನ್ನು ಮರಳಿ ತಂದಿದ್ದೇವೆ. ಹೆಸರುಗಳನ್ನು ಈಗ ಕನ್ನಡ ಲಿಪಿಯಲ್ಲೇ ಬರೆಯುತ್ತೇವೆ.

ಹೀಗೆ ನೋಡುವಾಗ ತದ್ವಿರುದ್ಧವಾದ ತಪ್ಪೂ ಸಿಕ್ಕಿತು. 'ಘೋಷಯಾತ್ರೆ'ಯ ಕವಿ ಕಡೆಂಗೋಡ್ಲು ಶಂಕರ ಭಟ್ಟರನ್ನೂ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರನ್ನೂ ಒಬ್ಬರೆಂದು ಬಗೆದು ಒಂದೇ ಹೆಸರಿನಡಿ ಕೂಡಿಸಿಬಿಟ್ಟಿದ್ದೆವು. ಬಿಡಿಸುವುದಕ್ಕೆ ಕೂಡಿಸುವುದಕ್ಕಿಂತ ಹೆಚ್ಚು ದಿನ ಹಿಡಿಯಿತು.

ನಮೂದುಗಳು ಕಡಿಮೆಯಾದುವೆಂದು ಸಭೆಯಲ್ಲಿ ಆಕ್ಷೇಪವೂ ಬಂತು. ಗಡಿನಾಡಿನಲ್ಲಿ ಕನ್ನಡ ಪುಸ್ತಕಗಳ ಲೆಕ್ಕ ಇಳಿದಂತೆ ಕಾಣಬಾರದೆಂಬ ಆತಂಕ ನನಗೂ ಅರ್ಥವಾಗುತ್ತದೆ. 1956ರ ನಂತರ ನಾವು ಎಣಿಸುತ್ತಲೇ ಬದುಕಿದವರು. ಆದುದರಿಂದ ವರದಿಯಲ್ಲಿ ಕೃತಿಗಳ ಸಂಖ್ಯೆ, ಪ್ರತಿಗಳ ಸಂಖ್ಯೆ ಎರಡನ್ನೂ ಕೊಡುತ್ತೇವೆ.

ಅಂದು ಅಳಿಸಿದ 'ಗಿಳಿವಿಂಡು' ಪ್ರತಿಯ ಕ್ರಮಸಂಖ್ಯೆಯನ್ನು ಮತ್ತೆ ಸೇರಿಸಿದ್ದೇನೆ. ಅದರ ಮುಂದೆ ದಾನಿಯ ಹೆಸರಿದೆ. ಪುಸ್ತಕವಿರುವ ಕಪಾಟನ್ನು ಬರೆಯುವ ಜಾಗದಲ್ಲಿ 'ಕಳೆದುಹೋಗಿದೆ' ಎಂದಿದೆ.