ಈ ವರ್ಷ ಕೇಳಿದ ತಟ್ಟೆಗಳು

ಈ ಸಂವತ್ಸರದಲ್ಲಿ ನಾನು ಪುನಃಪುನಃ ಕೇಳಿದ ಧ್ವನಿಮುದ್ರಿಕೆಗಳು ಮೂರು ಬಗೆಯವು. ಎಲ್ಲವೂ ಹಳೆಯವು.

ಬೀಳಗಿಯ ಅಮೀರಬಾಯಿ ಕರ್ನಾಟಕಿಯವರು 1943ರ 'ಕಿಸ್ಮತ್' ಚಿತ್ರಕ್ಕಾಗಿ ಹಾಡಿದವುಗಳಿಗೆ ಮೂರನೆಯ ಸ್ಥಾನ. ಬೀಳಗಿಯು ಅಂದು ನಮ್ಮ ವಿಜಾಪುರ ಜಿಲ್ಲೆಗೇ ಸೇರಿದ್ದಿತು. ಈ ಅಭಿಮಾನವನ್ನು ವಾಚಕರು ಕ್ಷಮಿಸಬೇಕು. ಎರಡನೆಯವು ಗಂಗೂಬಾಯಿ ಹಾನಗಲ್ ಅವರು 'ಗಾಂಧಾರಿ' ಎಂಬ ಹೆಸರಿನಿಂದ ಕೊಟ್ಟ ತಟ್ಟೆಗಳು. ಆ ತೆಳುವಾದ ಕಂಠವೇ ಮುಂದೆ ಘನಗಂಭೀರವಾಯಿತೆಂದರೆ ನಂಬಿಕೆ ಬಾರದು.

ಮೊದಲನೆಯವು ಮಲ್ಲಿಕಾರ್ಜುನ ಮನ್ಸೂರರು (1910–1992) ಹಾಡಿದ ವಚನಗಳು. ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯುಂಟು. ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದ ನನಗೆ, ಛಂದಸ್ಸಿಲ್ಲದ ಮಾತನ್ನು ಹಿಂದುಸ್ತಾನೀ ರಾಗಕ್ಕೆ ಹೊಂದಿಸುವುದು ಅನುಚಿತವೆಂದು ತೋರುತ್ತಿದ್ದಿತು. ನನ್ನ ಮನೆಯಾಕೆಯ ತವರು ಬಸವನ ಬಾಗೇವಾಡಿ. ಧಾರವಾಡ ಆಕಾಶವಾಣಿಯಲ್ಲಿ ಆ ವಚನಗಳು ಬಂದಾಗ ಅವಳು ರೊಟ್ಟಿ ಬಡಿಯುವುದನ್ನೂ ನಿಲ್ಲಿಸುವಳು. ನಾನು "ಅರ್ಥ ಕೆಡುತ್ತದೆ" ಎಂದು ರೇಡಿಯೋವನ್ನು ಆರಿಸುತ್ತಿದ್ದೆನು. ಅವಳು ಎಂದೂ ಎದುರಾಡಲಿಲ್ಲ.

ಅವಳು ತೀರಿಕೊಂಡು ಎರಡು ವರ್ಷಗಳಾದುವು. ಈ ಆಷಾಢದಲ್ಲಿ, ಇಂಡಿಯ ನಮ್ಮ ಮನೆಯಲ್ಲಿ, ಮಗನು ತಂದಿತ್ತ ಯಂತ್ರದಲ್ಲಿ ಅವನ್ನು ಮೊದಲ ಬಾರಿಗೆ ಪೂರ್ಣವಾಗಿ ಕೇಳಿದೆನು. ಒಂದೇ ಪದವನ್ನು ಗಾಯಕರು ನಾಲ್ಕು ಬಗೆಯಾಗಿ ತಿರುಗಿಸಿದಾಗಲೆಲ್ಲ ಅರ್ಥವು ಕೆಡದೆ ಮತ್ತೊಂದು ಪದರವಾಗಿ ಬಿಚ್ಚಿಕೊಳ್ಳುತ್ತಿದ್ದಿತು. ಮುಗಿದ ಮೇಲೆ ಆರಿಸಲು ಕೈಬಾರದೆ, ಅಡುಗೆಮನೆಯ ಬಾಗಿಲನ್ನು ತೆರೆದಿಟ್ಟು ಪುನಃ ಹಚ್ಚಿದೆನು.