ಹಲಗಿ ಮ್ಯಾಗ ಬರದಿರಲಿಲ್ಲ

ಹೋದ ವರ್ಷ ನಮ್ಮಪ್ಪ ಹೆಸರಿನ ಬೆಳೆಗೆ ವಿಮೆ ತುಂಬಲಿಲ್ಲ. ಕೊನೆಯ ದಿನಾಂಕ ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು. ಅಪ್ಪನ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ನಮ್ಮ ಮನೆಯಿಂದ ಆ ಗುಂಪಿನಲ್ಲಿದ್ದವನು ನಾನೊಬ್ಬನೇ. ಬೆಂಗಳೂರಿನಲ್ಲಿ ಕೂತು ಅದನ್ನು ಮ್ಯೂಟ್ ಮಾಡಿದ್ದೆ. ಕಂಪನಿಯಲ್ಲಿ ನನ್ನ ಕೆಲಸ ಏನಂದ್ರೆ, ಜನರ ಮೊಬೈಲಿಗೆ ನೋಟಿಫಿಕೇಶನ್ ಕಳಿಸುವ ಸಾಫ್ಟ್‌ವೇರ್ ಬರೆಯುವುದು!

ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಕಾಯಿ ಗಿಡದಲ್ಲೇ ಮೊಳಕೆ ಒಡೆದವು. ಅಪ್ಪ ಬೈಯಲಿಲ್ಲ. "ಹಲಗಿ ಮ್ಯಾಗ ಬರದಿರಲಿಲ್ಲೋ ತಮ್ಮಾ, ದಿನಾ ನೋಡೇನಿ" ಅಂದ.

ಶಿರಹಟ್ಟಿ ಸೀಮೆಯ ನಮ್ಮೂರಲ್ಲಿ ಪಂಚಾಯ್ತಿ ಗೋಡೆಗೆ ಒಂದು ಕರಿಹಲಗೆ ಇದೆ. ಗ್ರಾಮಸಭೆ, ಪೋಲಿಯೊ ಹನಿ, ದನಗಳ ಲಸಿಕೆ, ಎಲ್ಲ ಅಲ್ಲೇ ಬರೆಯುತ್ತಿದ್ದರು. ನಾಲ್ಕನೇ ಇಯತ್ತೆ ಓದಿದ ಅಪ್ಪ ಅಕ್ಷರ ಕೂಡಿಸಿ ಜೋರಾಗಿ ಓದುತ್ತಿದ್ದ. ಓದು ಬಾರದವರು ಸುತ್ತ ನಿಂತು ಕೇಳುತ್ತಿದ್ದರು. ತಕರಾರೂ ಅಲ್ಲೇ ಶುರುವಾಗುತ್ತಿತ್ತು.

ಆಮೇಲೊಮ್ಮೆ ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನ ಹಳೇ ಫೋಟೊ ಒಂದನ್ನು ನೋಡಿದೆ. 1906ರ ಭೂಕಂಪಕ್ಕೂ ಮುಂಚೆ ಆರ್ನಾಲ್ಡ್ ಗೆಂಥೆ ತೆಗೆದದ್ದು. ಗೋಡೆಗೆ ಅಂಟಿಸಿದ ಚೀನೀ ಬರಹದ ಮುಂದೆ ಗಂಡಸರು ನಿಂತು ಓದುತ್ತಿದ್ದಾರೆ. ದೂರದ ದೇಶಕ್ಕೆ ದುಡಿಯಲು ಹೋದವರು. ಬೆನ್ನಷ್ಟೇ ನೋಡಿದರೆ ನಮ್ಮಪ್ಪನೂ ಅಲ್ಲಿ ನಿಂತ ಹಾಗೆ ಅನಿಸಿತು.

ದೀಪಾವಳಿಗೆ ಊರಿಗೆ ಹೋದಾಗ ಅಪ್ಪನನ್ನು ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಗೆ ಕರೆದುಕೊಂಡು ಹೋದೆ. ಅಲ್ಲಿನ ಶಾಸನದ ಕಲ್ಲುಗಳನ್ನು ಚಿಕ್ಕಂದಿನಲ್ಲಿ ನೋಡಿದ್ದೆ, ಅಷ್ಟೇ. ಈ ಊರಿನದೇ ಒಂದು ಕಂಬದ ಶಾಸನವನ್ನು ಬಾರ್ನೆಟ್ ಎಂಬ ವಿದ್ವಾಂಸರು ಎಪಿಗ್ರಾಫಿಯಾ ಇಂಡಿಕಾದ 14ನೇ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಸುಮಾರು ಕ್ರಿ.ಶ. 725ರದು, ಹಳಗನ್ನಡ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ, ಪೊರಿಗೆರೆ ಅಂದರೆ ಇದೇ ಲಕ್ಷ್ಮೇಶ್ವರದ ಮಹಾಜನರಿಗೆ, ನಗರದವರಿಗೆ, ಹದಿನೆಂಟು ಪ್ರಕೃತಿಗಳಿಗೆ ಹಾಕಿಕೊಟ್ಟ ಕಟ್ಟಳೆ ಅದು. ರಾಜನ ಅಧಿಕಾರಿಗಳು ಏನೇನು ಕಾಪಾಡಬೇಕು, ಯಾವ ಮನೆ ಎಷ್ಟು ತೆರಿಗೆ ಕೊಡಬೇಕು ಎಂದೆಲ್ಲ ಇದೆ. ಮೇಲಿನ ಮನೆತನಕ್ಕೆ 10 ಪಣ, ಆಮೇಲೆ 7, 5, ಕಡೆಯವರಿಗೆ 3. ನನಗಂತೂ ಇದು ಪಂಚಾಯ್ತಿ ನೋಟಿಸೇ. ಕಲ್ಲಿನ ಮೇಲಿದ್ದರೆ ಅಧಿಕಾರಿ ಬಂದು 3ರ ಜಾಗದಲ್ಲಿ 5 ಕೇಳುವುದು ಕಷ್ಟ.

ಇದನ್ನೆಲ್ಲ ಗುಡಿಯ ಕಟ್ಟೆಯ ಮೇಲೆ ಕೂತು ಹೇಳಿದೆ. ಅಪ್ಪ ಪಕ್ಕದ ಕಲ್ಲಿನ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಕೇಳಿದ:

"ಮೂರು ಪಣದಾವ್ರಿಗೆ ಓದಾಕ ಬರ್ತಿತ್ತೇನು?"

"ಗೊತ್ತಿಲ್ಲಪಾ. ಯಾರರ ಓದಿ ಹೇಳಿರಬೇಕು."

"ಹೂಂ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ನೀ ಓದಿ ಹೇಳಬೇಕಿತ್ತು" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ವರ್ಷ ದಿನಾಂಕ ಬಂದ ಕೂಡಲೇ ಅಪ್ಪನಿಗೆ ಫೋನ್ ಮಾಡಿದೆ. ಊರಲ್ಲಿರುವ ಗೆಳೆಯನಿಗೂ ಮಾಡಿ, ಪಂಚಾಯ್ತಿಯವರನ್ನು ಕೇಳಿ ಹಲಗೆಯ ಮೇಲೆ ಬರೆಸು ಅಂದೆ. ಸಂಜೆ ಅಪ್ಪನದೇ ಫೋನು. ಹಲಗೆಯ ಮುಂದೆಯೇ ನಿಂತಿದ್ದ. "ಬೆ... ಳೆ... ವಿ... ಮೆ..." ಅಂತ ಓದತೊಡಗಿದ. ಹಿಂದಿನಿಂದ ಯಾರೋ, "ತಾರೀಖು ಯಾವುದರೀ ಕಾಕಾ, ಮತ್ತೊಮ್ಮೆ ಹೇಳ್ರಿ" ಅನ್ನುತ್ತಿದ್ದರು.