ಹಳೆಯ ಆಟಗಳ ಹೊಸ ಸಂಪುಟ

ಕವಿಗಳ ಬಿಡಿ ಕೃತಿಗಳನ್ನು ಒಂದೆಡೆ ಕಲೆಹಾಕಿ ಸಮಗ್ರ ಸಂಪುಟವಾಗಿ ಹೊರತರುವುದು ಸಾರಸ್ವತ ಲೋಕದಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಆದರೆ ಮಕ್ಕಳು ಟಿ.ವಿ.ಯ ಮುಂದೆ ಕುಳಿತು ಆಡಿದ ಆಟಗಳಿಗೂ ಅಂಥದೊಂದು ಯೋಗ ಒದಗೀತೆಂದು ಯಾರೂ ಎಣಿಸಿರಲಾರರು. ಜಪಾನಿನ ಕೊನಾಮಿ ಸಂಸ್ಥೆ 1969ರಲ್ಲಿ ಹುಟ್ಟಿದ್ದು. ತನ್ನ ಐವತ್ತನೆಯ ವರ್ಷದ ನೆನಪಿಗೆ ಅದು 2019ರ ಜೂನ್ ತಿಂಗಳಲ್ಲಿ ‘ಕಾಂಟ್ರಾ’ ಸರಣಿಯ ಹಳೆಯ ವಿಡಿಯೋ ಆಟಗಳನ್ನು, ಪಾಠಾಂತರಗಳೂ ಸೇರಿದಂತೆ ಹತ್ತನ್ನು, ಒಂದೇ ಕಟ್ಟಿನಲ್ಲಿ ಪ್ರಕಟಿಸಿತು. ಆಟಗಳ ಜೊತೆಗೆ ಅವುಗಳ ಚರಿತ್ರೆಯನ್ನು ಹೇಳುವ ಪುಸ್ತಕವೊಂದನ್ನೂ ಇರಿಸಿತು. ಅದೂ ಒಂದು ಬಗೆಯ ಸ್ಮರಣ ಸಂಚಿಕೆಯೇ ಸರಿ.

ಆ ಸಂಪುಟವು 2023ರ ಬೇಸಿಗೆ ರಜೆಯಲ್ಲಿ ಬಂಟ್ವಾಳ ತಾಲೂಕಿನ ಫರಂಗಿಪೇಟೆಯ ಒಂದು ಹೆಂಚಿನ ಮನೆಯನ್ನು ಪ್ರವೇಶಿಸಿತು. ಆ ಮನೆಯಲ್ಲಿ ತಾಯಿಯೊಡನೆ ವಾಸವಾಗಿರುವವರು ಪ್ರೌಢಶಾಲೆಯ ಒಬ್ಬ ಶಿಕ್ಷಕರು. ಸೌದಿ ಅರೇಬಿಯದ ಜುಬೈಲಿನಲ್ಲಿ ದುಡಿಯುವ ಅವರ ಅಣ್ಣ ರಜೆಯ ಮೇಲೆ ಸಂಸಾರ ಸಮೇತರಾಗಿ ಬಂದಿದ್ದರು. ಅಣ್ಣನ ಮಗ ತನ್ನ ಆಟದ ಯಂತ್ರವನ್ನು ಟಿ.ವಿ.ಗೆ ಜೋಡಿಸಿದಾಗ ಒಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದ ಶಿಕ್ಷಕರ ಕಿವಿಗೆ ಒಂದು ಸಂಗೀತದ ತುಣುಕು ಬಿದ್ದಿತು. ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ಕೇಳದ ಸ್ವರ ಅದು. ಕೆಂಪು ಪೆನ್ನನ್ನು ಕೆಳಗಿಟ್ಟು ಅವರು ಚಾವಡಿಗೆ ಬಂದರು.

ತೊಂಬತ್ತರ ದಶಕದ ನಡುವೆ ಅದೇ ಚಾವಡಿಗೆ ಅಂಥದೇ ಯಂತ್ರವೊಂದನ್ನು ಸೋದರಮಾವ ದುಬಾಯಿಯಿಂದ ತಂದಿದ್ದರು. ಜಪಾನಿನ ನಿಂಟೆಂಡೊ ಸಂಸ್ಥೆ 1983ರಲ್ಲಿ ಹೊರತಂದ ಮನೆಯಾಟದ ಯಂತ್ರದ ನಕಲು ಅದು. ಆಟಗಳನ್ನು ಅಡಕಗೊಳಿಸಿದ ಪ್ಲಾಸ್ಟಿಕ್ಕಿನ ಪೆಟ್ಟಿಗೆಯನ್ನು ಮಕ್ಕಳೆಲ್ಲ ‘ಕ್ಯಾಸೆಟ್’ ಎಂದೇ ಕರೆಯುತ್ತಿದ್ದರು. ಅದರ ಮೇಲೆ ಸಾವಿರಗಟ್ಟಲೆ ಆಟಗಳಿವೆಯೆಂಬ ಅಂಕಿಯನ್ನು ಅಚ್ಚು ಹಾಕಿದ್ದರೂ, ನಿಜವಾಗಿ ಇದ್ದವು ಹತ್ತಿಪ್ಪತ್ತು ಮಾತ್ರ. ಒಂದೇ ಆಟ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತಿತ್ತು. ಹಾಗೆ ನೋಡಿದರೆ ಹಳ್ಳಿ ಪೇಟೆಗಳ ಮಕ್ಕಳು ಆಟಗಳ ಸಂಪುಟವನ್ನು ಬಹಳ ಹಿಂದೆಯೇ ಕಂಡಿದ್ದರು. ಸಂಪಾದಕನ ಹೆಸರು ಮಾತ್ರ ಅದರಲ್ಲಿ ಇರಲಿಲ್ಲ. ಕ್ಯಾಸೆಟ್ ಹಿಡಿಯದಿದ್ದರೆ ಹೊರತೆಗೆದು ಉಫ್ ಎಂದು ಊದಿ ಮತ್ತೆ ಸಿಕ್ಕಿಸುವುದೇ ಸರ್ವರೋಗಕ್ಕೂ ಮದ್ದು.

ಈ ಬಗೆಯ ಆಟಗಳ ಲಕ್ಷಣವನ್ನು ಅರಿಯದವರಿಗಾಗಿ ಹೇಳುವುದಾದರೆ, ಮಂಗಳೂರಿನಿಂದ ಬಿ.ಸಿ. ರೋಡಿಗೆ ಹೋಗುವ ಬಸ್ಸಿನ ಕಿಟಕಿಯೇ ತಕ್ಕ ಉಪಮಾನ. ತೆಂಗು, ಅಂಗಡಿ, ನಡುನಡುವೆ ಮಿಂಚುವ ನೇತ್ರಾವತಿ, ಎಲ್ಲವೂ ಒಂದು ಬದಿಯಿಂದ ಬಂದು ಇನ್ನೊಂದು ಬದಿಗೆ ಸರಿಯುತ್ತವೆ. ಆಟದ ತೆರೆಯೂ ಹಾಗೆಯೇ ಪಕ್ಕಕ್ಕೆ ಸರಿಯುತ್ತದೆ. ಎಡದಿಂದ ಬಲಕ್ಕೆ ನಡೆಯುವ ವೀರನಿಗೆ ಹಳ್ಳ, ಗೋಡೆ, ಶತ್ರು ಒಂದೊಂದಾಗಿ ಎದುರಾಗುತ್ತವೆ. 1985ರಲ್ಲಿ ಮಿಯಾಮೊಟೊ, ತೆಜುಕಾ ಮೊದಲಾದವರು ರಚಿಸಿದ ‘ಸೂಪರ್ ಮಾರಿಯೋ ಬ್ರದರ್ಸ್’ ಈ ಬಗೆಯನ್ನು ಲೋಕದ ಮನೆಮಾತಾಗಿಸಿತು. ಆ ಇಡೀ ಆಟ ಹಿಡಿಸಿದ್ದು ಕೇವಲ 40 ಕಿಲೋಬೈಟುಗಳಲ್ಲಿ. ಜಾಗದ ಅಭಾವದಿಂದ ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರವನ್ನು ಬಣ್ಣ ಬದಲಿಸಿ ಬಳಸಿದ್ದರೆಂಬುದು ಗಮನಾರ್ಹ. 1987ರಲ್ಲಿ ಅಂಗಡಿಗಳ ಯಂತ್ರಗಳಲ್ಲಿ ಮೊದಲು ಕಾಣಿಸಿಕೊಂಡ ‘ಕಾಂಟ್ರಾ’ ಮರುವರ್ಷ ಮನೆಯ ಯಂತ್ರಕ್ಕೆ ಬಂದಿತು. ಎಂಟು ಘಟ್ಟಗಳು, ಮೂರು ಪ್ರಾಣಗಳು. ಒಂದು ಗುಂಡು ತಗುಲಿದರೆ ಒಂದು ಪ್ರಾಣ ಹೋಯಿತು.

ಇಷ್ಟು ಸಣ್ಣ, ಇಷ್ಟು ನಿರ್ದಯವಾದ ಆಟಕ್ಕೆ ಮನಸ್ಸು ಮಾರುಹೋಗುವುದೇಕೆ? ಅದರಲ್ಲಿ ಮೋಸವಿಲ್ಲ ಎಂಬುದೇ ಮುಖ್ಯ ಕಾರಣವೆಂದು ಶಿಕ್ಷಕರು ಭಾವಿಸುತ್ತಾರೆ. ನಿನ್ನೆ ಶತ್ರು ಅಡಗಿದ್ದ ಬಂಡೆಯ ಹಿಂದೆಯೇ ಇಂದೂ ಅಡಗಿರುತ್ತಾನೆ. ಸೋತವನು ಸೋತ ಸ್ಥಳವನ್ನು ನೆನಪಿಟ್ಟುಕೊಂಡರೆ ಮರುದಿನ ಅದನ್ನು ದಾಟಬಲ್ಲ. ಮಗ್ಗಿ ಬಾಯಿಪಾಠ ಮಾಡಲು ಅಳುವ ಹುಡುಗ ಇಲ್ಲಿ ಎಂಟು ಘಟ್ಟಗಳ ದಾರಿಯನ್ನೂ ತಾನಾಗಿ ಕಂಠಸ್ಥ ಮಾಡುತ್ತಾನೆ. ಕಥೆಯ ಕೊನೆ ತಿಳಿದಿದ್ದರೂ ಯಕ್ಷಗಾನದ ಮುಂದೆ ಬೆಳಗಿನ ತನಕ ಕುಳಿತಿರುವ ಪ್ರೇಕ್ಷಕನ ಸುಖಕ್ಕೂ ಈ ಸುಖಕ್ಕೂ ನಂಟಿದೆ.

ಕಷ್ಟಕ್ಕೆ ಒಂದು ಪರಿಹಾರವೂ ಇತ್ತು. 1986ರಲ್ಲಿ ‘ಗ್ರೇಡಿಯಸ್’ ಎಂಬ ಆಟವನ್ನು ಮನೆಯ ಯಂತ್ರಕ್ಕೆ ಅಳವಡಿಸುತ್ತಿದ್ದ ಕಜುಹಿಸಾ ಹಶಿಮೊಟೊ ಎಂಬವರಿಗೆ, ಅದನ್ನು ಪರೀಕ್ಷಿಸಿ ನೋಡುವುದೇ ದುಸ್ಸಾಧ್ಯವಾಯಿತು. ತಮ್ಮ ಅನುಕೂಲಕ್ಕೆಂದು ಗುಂಡಿಗಳನ್ನು ಒತ್ತುವ ಗುಟ್ಟಿನ ಕ್ರಮವೊಂದನ್ನು ಒಳಗಿಟ್ಟರು. ಅದು ಹಾಗೆಯೇ ಉಳಿದುಬಿಟ್ಟಿತು. ಎರಡು ಸಲ ಮೇಲೆ, ಎರಡು ಸಲ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಕಾಂಟ್ರಾದಲ್ಲಿ ಇದೇ ಮಂತ್ರ ಮೂರರ ಬದಲು ಮೂವತ್ತು ಪ್ರಾಣಗಳನ್ನು ಕರುಣಿಸುತ್ತಿತ್ತು. ಹಶಿಮೊಟೊ 2020ರಲ್ಲಿ ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳು ಅವರನ್ನು ನೆನೆದದ್ದು ಈ ಹತ್ತು ಒತ್ತುಗಳಿಗಾಗಿ.

ಆದರೆ ಮೂವತ್ತು ಪ್ರಾಣಗಳಿದ್ದರೂ ಮೂರನೆಯ ಘಟ್ಟ ಅಣ್ಣತಮ್ಮಂದಿರಿಗೆ ಜಗಳದ ಕಣವಾಗಿತ್ತು. ಅಲ್ಲಿ ಜಲಪಾತವೊಂದಿದೆ. ತೆರೆ ಪಕ್ಕಕ್ಕೆ ಸರಿಯದೆ ಮೇಲಕ್ಕೆ ಏರುತ್ತದೆ. ಇಬ್ಬರು ಆಡುವಾಗ ಒಬ್ಬನು ಬಂಡೆಯಿಂದ ಬಂಡೆಗೆ ಹಾರಿ ಬೇಗ ಬೇಗ ಮೇಲೇರಿದರೆ ತೆರೆಯೂ ಅವನೊಡನೆ ಏರಿ, ಕೆಳಗಿನ ಬಂಡೆಯಲ್ಲಿ ಉಳಿದವನ ಕಾಲಡಿಯ ನೆಲವೇ ಇಲ್ಲವಾಗುತ್ತದೆ. ಅವನು ಯಾವ ಶತ್ರುವಿನ ಗುಂಡೂ ತಗುಲದೆ ಸಾಯುತ್ತಾನೆ. ಅಣ್ಣ ಯಾವಾಗಲೂ ಮುಂದೆ ಏರುತ್ತಿದ್ದ. “ಅಣ್ಣಾ, ನಿಲ್ಲು!” ಎಂದು ತಮ್ಮ ಕೂಗುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

2001ರಲ್ಲಿ ತಂದೆ ತೀರಿಕೊಂಡ ಮೇಲೆ ಅಣ್ಣ ಜುಬೈಲಿಗೆ ಹೋದರು. ಅವರು ಕಳುಹಿಸಿದ ಹಣದಿಂದ ತಮ್ಮ ಬಿ.ಎಡ್. ಮುಗಿಸಿ ಶಿಕ್ಷಕರಾದರು. ತಾಯಿಯ ಆರೈಕೆಯ ಹೊಣೆ ಊರಲ್ಲಿದ್ದ ತಮ್ಮನದಾಯಿತು. ಹೆಚ್ಚಿನ ಭಾರ ತನ್ನ ಹೆಗಲ ಮೇಲೆಯೇ ಇದೆಯೆಂದು ಇಬ್ಬರೂ ಒಳಗೊಳಗೇ ನಂಬಿದ್ದರು. ಕ್ರಮೇಣ ದೂರವಾಣಿಯ ಸಂಭಾಷಣೆ ಲೆಕ್ಕಪತ್ರಕ್ಕಷ್ಟೇ ಸೀಮಿತವಾಯಿತು. 2022ರಲ್ಲಿ ತಾಯಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ, ಮನೆಯನ್ನು ಮಾರಿ ಮಂಗಳೂರಿನಲ್ಲಿ ಫ್ಲ್ಯಾಟು ಕೊಳ್ಳೋಣವೆಂದು ಅಣ್ಣ, ತಾಯಿಯನ್ನು ಈ ಅಂಗಳದಿಂದ ಕದಲಿಸಲಾಗದೆಂದು ತಮ್ಮ ಪಟ್ಟು ಹಿಡಿದರು. ಆ ಬೇಸಿಗೆಯಲ್ಲಿ ಒಂದೇ ಸೂರಿನಡಿ ಇದ್ದರೂ ಅವರ ನಡುವೆ ಊಟದ ಹೊತ್ತಿನ ನಾಲ್ಕು ಮಾತುಗಳ ಹೊರತು ಬೇರೆ ಮಾತಿರಲಿಲ್ಲ.

ಮಗುವಿನ ಒತ್ತಾಯಕ್ಕೆ ಇಬ್ಬರೂ ಟಿ.ವಿ.ಯ ಮುಂದೆ ಕುಳಿತರು. ಕಾಡಿನ ಘಟ್ಟ ದಾಟಿತು, ಕೋಟೆಯ ಘಟ್ಟವೂ ದಾಟಿತು. ಕೈಗಳು ಮರೆತಿರಲಿಲ್ಲ. ಜಲಪಾತದಲ್ಲಿ ಮಾತ್ರ ಯಾರೂ ಎಣಿಸದ ಸಂಗತಿ ನಡೆಯಿತು. ಕನ್ನಡಕವನ್ನು ಸರಿಪಡಿಸಿಕೊಳ್ಳುತ್ತ ಅಣ್ಣ ಹಿಂದುಳಿದರು. ಶಿಕ್ಷಕರು ಸರಸರನೆ ಏರಿಬಿಟ್ಟರು. ಕೆಳಗೆ ಅಣ್ಣನ ವೀರ ಸತ್ತನು.

“ಒಂಚೂರು ನಿಲ್ಲಬಾರದಾ ಮಾರಾಯ?” ಎಂದರು ಅಣ್ಣ.

“ನಾನು ಕೆಳಗೆ ನೋಡಲೇ ಇಲ್ಲ ಅಣ್ಣ. ಮೇಲಿಂದ ಬಂಡೆ ಉರುಳಿ ಬರುತ್ತಿತ್ತಲ್ಲ.”

ಮಾತು ಬಾಯಿಯಿಂದ ಹೊರಬಿದ್ದ ಮೇಲೆಯೇ ಶಿಕ್ಷಕರಿಗೆ ಅದರ ಅರ್ಥ ಹೊಳೆದದ್ದು. ಮೇಲೇರುವವನು ಕೆಳಗಿನವನನ್ನು ತಿರಸ್ಕರಿಸಿ ಏರುವುದಿಲ್ಲ. ಅವನ ಕಣ್ಣೆಲ್ಲ ಮೇಲಿನಿಂದ ಬೀಳುವ ಬಂಡೆಯ ಮೇಲಿರುತ್ತದೆ. ಅಂದು ರಾತ್ರಿ ಅವರು ಇಪ್ಪತ್ತೆರಡು ವರ್ಷಗಳಲ್ಲಿ ಕೇಳದಿದ್ದ ಪ್ರಶ್ನೆಯನ್ನು ಕೇಳಿದರು: ಜುಬೈಲಿಗೆ ಹೋದ ಹೊಸತರಲ್ಲಿ ಒಂದು ಕೋಣೆಯಲ್ಲಿ ಎಷ್ಟು ಜನ ಇದ್ದಿರಿ? ಎಂಟು ಜನ ಎಂದು ಅಣ್ಣ ಹೇಳಿದರು. ಅನಂತರ, ರಾತ್ರಿ ಅಮ್ಮನನ್ನು ಬಚ್ಚಲಿಗೆ ಕರೆದೊಯ್ಯುವವರು ಯಾರು ಎಂದು ಅಣ್ಣ ಕೇಳಿದರು. ಮನೆ ಮಾರುವ ವಿಷಯ ಆ ರಜೆಯಲ್ಲಿ ಇತ್ಯರ್ಥವಾಗಲಿಲ್ಲ. ಆದರೆ ಅಂದಿನಿಂದ ದೂರವಾಣಿಯ ಮಾತು ಲೆಕ್ಕದಿಂದ ಆರಂಭವಾಗುವುದು ನಿಂತಿತು.

ಹೊಸ ಸಂಪುಟದಲ್ಲಿ ಆಟವನ್ನು ಬೇಕಾದಲ್ಲಿ ನಿಲ್ಲಿಸಿ, ಇದ್ದ ಸ್ಥಿತಿಯಲ್ಲೇ ಉಳಿಸಿಟ್ಟು, ಸೋತರೆ ಅಲ್ಲಿಂದಲೇ ಮುಂದುವರಿಯುವ ಸೌಕರ್ಯವಿದೆ. ಮಕ್ಕಳಿಗೆ ಅದು ಪ್ರಿಯವಾದುದು ಸಹಜ. ಹಿರಿಯರ ನಿಧಾನವಾದ ಬೆರಳುಗಳಿಗೂ ಅದು ಉಪಕಾರಿ. ಆದರೆ ಜಲಪಾತದ ನಿಯಮವನ್ನು ಆ ಸೌಕರ್ಯವೂ ಬದಲಿಸದು. ತೆರೆ ಒಂದೇ ಆಗಿರುವ ತನಕ ಇಬ್ಬರೂ ಒಂದೇ ವೇಗದಲ್ಲಿ ಏರಬೇಕು.

ಶಾಲೆ ಪುನಃ ತೆರೆದ ಮೇಲೆ ಶಿಕ್ಷಕರ ಒಂದು ಹೊಸ ಅಭ್ಯಾಸವನ್ನು ವಿದ್ಯಾರ್ಥಿಗಳು ಗುರುತಿಸಿದರು. ಕರಿಹಲಗೆಯ ಮೇಲಿನ ಲೆಕ್ಕವನ್ನು ಅಳಿಸುವ ಮುನ್ನ, ಡಸ್ಟರನ್ನು ಕೈಯಲ್ಲಿ ಹಿಡಿದು ಅವರು ಒಮ್ಮೆ ಹಿಂತಿರುಗಿ ಕೊನೆಯ ಬೆಂಚಿನತ್ತ ನೋಡುತ್ತಾರೆ. ಅಲ್ಲಿಯ ಹುಡುಗರು ಬರೆದುಕೊಂಡು ತಲೆಯೆತ್ತಿದ ಬಳಿಕವೇ ಮುಂದಿನ ಲೆಕ್ಕ.